ಟೀಚರ್ ಕೇಳಿ: ಶಿಬಿರದಿಂದ ತರಗತಿಗೆ

ಪ್ರಶ್ನೆ: ನಮಸ್ತೆ ಟೀಚರ್. ನಾನು ಕೊಡಗಿನ ನಾಪೋಕ್ಲು ಕಡೆಯವನು, ವಯಸ್ಸು 26. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಡಿಗ್ರಿ ಓದುತ್ತಿದ್ದೆ. ಪರಿಹಾರ ಕೇಂದ್ರದಲ್ಲಿ ದೊಡ್ಡವರೆಲ್ಲ ಅಕ್ಕಿ, ಕಂಬಳಿ ಹಂಚುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಮಕ್ಕಳನ್ನು ಆಡಿಸುವ ಕೆಲಸ. ಆಮೇಲೆ ಊರಿನ ಯುವಕ ಸಂಘ, ನೆಹರು ಯುವ ಕೇಂದ್ರದ ಸ್ವಯಂಸೇವಕನ ಕೆಲಸ, ಬೇಸಿಗೆ ಶಿಬಿರ, ಬುಡಕಟ್ಟು ಜನರ ಹಾಡಿಯಲ್ಲಿ ಸಂಜೆ ಪಾಠ. ಎಲ್ಲರೂ ‘ನೀನು ಮೇಷ್ಟ್ರಾಗಬೇಕಪ್ಪ’ ಅಂದರು. ಬಿ.ಇಡಿ. ಮಾಡಿದೆ. ಈ ಜೂನ್‌ನಿಂದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ಅತಿಥಿ ಶಿಕ್ಷಕ. ಎಂಟು, ಒಂಬತ್ತನೇ ತರಗತಿ ನನ್ನದು. ಜೂನ್ ತುಂಬಾ ಚೆನ್ನಾಗಿತ್ತು. ಜುಲೈನಿಂದ ಏನೋ ಕೆಟ್ಟಿದೆ. ಗಲಾಟೆ ಜಾಸ್ತಿ. ಮೊದಲ ಎಫ್‌ಎ ಕಿರು ಪರೀಕ್ಷೆಯಲ್ಲಿ ಎಷ್ಟೋ ಮಕ್ಕಳು ಖಾಲಿ ಹಾಳೆ ಕೊಟ್ಟರು. ಪಕ್ಕದ ಕ್ಲಾಸಿನ ಹಿರಿಯ ಮೇಷ್ಟ್ರು ಬಂದು ‘ಇದು ಶಾಲೆ ಮಾರಾಯ, ಕ್ಯಾಂಪ್ ಅಲ್ಲ, ಒಂದೆರಡು ಬಿಡು ಸರಿಹೋಗ್ತಾರೆ’ ಅಂದರು. ಮಕ್ಕಳಿಗೆ ನಾನಂದ್ರೆ ಇಷ್ಟ, ಪಾಠ ಬೇಡ. ನಾನು ತಪ್ಪು ದಾರಿ ಹಿಡಿದೆನಾ?
– ಹೊಸ ಮೇಷ್ಟ್ರು, ಮಡಿಕೇರಿ ತಾಲ್ಲೂಕು

ಉತ್ತರ: ದಾರಿ ಸರಿಯಾಗೇ ಇದೆ. ಜುಲೈ ಯಾಕೆ ಕೆಟ್ಟಿತು ಅನ್ನುವುದೂ ನಿಮ್ಮ ಪತ್ರದಲ್ಲೇ ಇದೆ.

ಜೂನ್ ಅಂದರೆ ಸೇತುಬಂಧ. ಹಿಂದಿನ ತರಗತಿಯದ್ದು ಎಷ್ಟು ಗೊತ್ತಿದೆ ಎಂದು ನೋಡಿ, ಬಿಟ್ಟುಹೋದದ್ದನ್ನು ಚಟುವಟಿಕೆ ಮಾಡಿಸಿ ತುಂಬುವ ದಿನಗಳು. ಗುಂಪು, ಆಟ, ಚಾರ್ಟು, ಪ್ರಶ್ನೋತ್ತರ. ಇದರಲ್ಲಿ ನಿಮ್ಮನ್ನು ಮೀರಿಸುವವರು ಆ ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಕ್ಕಿಲ್ಲ. ಜುಲೈಗೆ ಪಠ್ಯ ಶುರುವಾಯಿತು. ನೀವು ಆಟ ಮುಂದುವರಿಸಿದಿರಿ, ಇಲ್ಲವೇ ಆಟ ಪೂರ್ತಿ ಬಿಟ್ಟು ಪುಸ್ತಕ ಓದಿ ಹೇಳಲು ಹೊರಟಿರಿ. ಎರಡರಲ್ಲಿ ಒಂದು ಆಗಿರಬೇಕು. ಹೆಚ್ಚಿನವರು ಮೊದಲನೆಯದರಿಂದ ಸುಸ್ತಾಗಿ ಎರಡನೆಯದಕ್ಕೆ ಹೋಗುತ್ತಾರೆ. ಯುವಜನ ಕೆಲಸದಿಂದ ಬಂದ ಹುಡುಗ ಹುಡುಗಿಯರನ್ನು ತುಂಬ ಜನ ನೋಡಿದ್ದೇನೆ. ಒಳ್ಳೆ ಮೇಷ್ಟ್ರಾದವರು ಅವರಲ್ಲಿ ಜಾಸ್ತಿಯೇ. ಆದರೆ ಮೊದಲ ವರ್ಷ ಎಲ್ಲರೂ ಒದ್ದಾಡಿದ್ದಾರೆ.

ಒಂದು ವಿಷಯ ಯೋಚನೆ ಮಾಡಿ. ಬೇಸಿಗೆ ಶಿಬಿರಕ್ಕೆ ಬರಲು ಮನಸ್ಸಿಲ್ಲದ ಹುಡುಗ ಬರುವುದೇ ಇಲ್ಲ. ತೋಟದಲ್ಲಿ ಸುತ್ತುತ್ತಾನೆ, ಹೊಳೆಗೆ ಹೋಗುತ್ತಾನೆ. ನೀವು ಅವನನ್ನು ನೋಡಿಯೇ ಇಲ್ಲ. ಶಾಲೆಗೆ ಅವನೂ ಬರುತ್ತಾನೆ, ಬಂದು ಕೊನೆ ಬೆಂಚಿನಲ್ಲಿ ಕೂರುತ್ತಾನೆ. ಇಷ್ಟು ವರ್ಷ ನಿಮ್ಮ ಮುಂದೆ ಕೂತದ್ದು ಬರಬೇಕು ಅಂತ ಬಂದ ಮಕ್ಕಳು. ಈಗ ಎಲ್ಲರೂ ಕೂತಿದ್ದಾರೆ. ಆ ಹುಡುಗನಿಗೆ ಪಾಠ ಮುಟ್ಟಿಸಲಿಕ್ಕೇ ಸರ್ಕಾರ ನಿಮ್ಮನ್ನು ಇಟ್ಟುಕೊಂಡಿರುವುದು. ಉಳಿದವರು ನೀವಿಲ್ಲದಿದ್ದರೂ ಹೇಗೋ ಓದಿಕೊಳ್ಳುತ್ತಾರೆ.

ಇನ್ನೊಂದು, ಶಿಬಿರ ಹೆಚ್ಚೆಂದರೆ ಹತ್ತು ದಿನ. ಹತ್ತೂ ದಿನ ಹೊಸದೇನಾದರೂ ತರಬಹುದು. ಶಾಲೆ ಮಾರ್ಚ್‌ವರೆಗೆ. ಮೂರನೇ ಸಲ ಅದೇ ಚಪ್ಪಾಳೆ ಆಟ ಆಡಿಸಿದರೆ ಎಂಟನೇ ತರಗತಿ ಹುಡುಗಿಯರು ಮುಖ ತಿರುಗಿಸುತ್ತಾರೆ. ಅವರಿಗೆ ದಿನಾ ಹೊಸದು ಬೇಕಿಲ್ಲ. ದಿನಾ ಒಂದೇ ಕ್ರಮ ಇದ್ದರೆ ಅವರಿಗೆ ನೆಮ್ಮದಿ, ನಿಮಗೂ ನೆಮ್ಮದಿ.

ಕ್ರಮ ಅಂದರೆ ಹೀಗೆ. ನಿಮಗೆ ಸಿಗುವುದು ನಲವತ್ತು ನಿಮಿಷ. ಮಕ್ಕಳು ಒಳಗೆ ಬರುವ ಮೊದಲೇ, ಇಲ್ಲವೇ ನೀವು ಬಂದ ತಕ್ಷಣ, ಬೋರ್ಡಿನ ಎಡಗಡೆ ಒಂದು ಪ್ರಶ್ನೆ ಬರೆಯಿರಿ. ನಿನ್ನೆಯ ಪಾಠದ್ದು, ಎರಡು ಸಾಲಲ್ಲಿ ಉತ್ತರ ಮುಗಿಯುವಂಥದ್ದು. ಬಂದವರು ಕೂತು ಅದನ್ನು ನೋಟ್ಸಿನಲ್ಲಿ ಬರೆಯುತ್ತಿರಬೇಕು. ಅಷ್ಟರಲ್ಲಿ ನೀವು ಬೆಂಚುಗಳ ನಡುವೆ ಒಂದು ಸುತ್ತು ಹಾಕಿ ಬನ್ನಿ. ಯಾರು ಬರೆಯುತ್ತಿಲ್ಲ, ಯಾರ ಹತ್ತಿರ ಪೆನ್ನಿಲ್ಲ, ಯಾರು ಅತ್ತುಕೊಂಡು ಬಂದಿದ್ದಾರೆ, ಎಲ್ಲ ಆ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಮುಖ ನೋಡಿ ತಿಳಿಯುವುದು ನಿಮಗೆ ಬರುತ್ತದಲ್ಲ, ಶಿಬಿರದಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರಲಿ. ಆಮೇಲೆ ಪಾಠ. ಕೊನೆಯ ಏಳೆಂಟು ನಿಮಿಷ ಮತ್ತೆ ಬರವಣಿಗೆ. ಇದನ್ನು ಮಾತ್ರ ಬಿಡಬೇಡಿ. ಶಿಬಿರದ ಚಟುವಟಿಕೆ ಚಪ್ಪಾಳೆಯಲ್ಲಿ ಮುಗಿದರೆ ಸಾಕು. ತರಗತಿಯ ಚಟುವಟಿಕೆ ನೋಟ್‌ಬುಕ್ಕಿನಲ್ಲೇ ಮುಗಿಯಬೇಕು. ನಿಮ್ಮ ಮಕ್ಕಳು ಖಾಲಿ ಹಾಳೆ ಕೊಟ್ಟದ್ದು ಇದಕ್ಕೇ ಇರಬೇಕು. ಬಾಯಲ್ಲಿ ಎಲ್ಲ ಹೇಳುತ್ತಾರೆ, ಕೈಯಲ್ಲಿ ಬರುವುದಿಲ್ಲ. ಬರೆಸಿದ್ದರೆ ತಾನೇ ಬರೆಯುವುದು?

ಒಂದು ಪಾಠ ಹಿಡಿದೇ ಹೇಳುತ್ತೇನೆ. ಒಂಬತ್ತನೇ ತರಗತಿಗೆ ರಾಜ್ಯ ಸರ್ಕಾರದ ಪಾಠ ಇದೆ. ಪುಸ್ತಕದಲ್ಲಿದ್ದ ಹಾಗೆ ಶಾಸಕಾಂಗ, ಕಾರ್ಯಾಂಗ ಅಂತ ಶುರುಮಾಡಿದರೆ ಮಕ್ಕಳು ನಿದ್ದೆ ಹೋಗುತ್ತಾರೆ, ಅವರದ್ದೇನೂ ತಪ್ಪಿಲ್ಲ. ಅದರ ಬದಲು ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆಯಿರಿ. 24 ಮತ್ತು 2. ಕೊಡಗು ಒಂದು ಕಾಲಕ್ಕೆ ಪ್ರತ್ಯೇಕ ರಾಜ್ಯವಾಗಿತ್ತು, ಅದಕ್ಕೆ ತನ್ನದೇ ವಿಧಾನಸಭೆ ಇತ್ತು ಎಂದು ಹೇಳಿ. 1952ರಲ್ಲಿ ಚುನಾವಣೆ ನಡೆಯಿತು, ಸದಸ್ಯರು 24 ಜನ, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದ ಜತೆ ಸೇರಿತು. ಈಗ ವಿಧಾನಸಭೆಯ 224 ಸ್ಥಾನದಲ್ಲಿ ನಮ್ಮ ಜಿಲ್ಲೆಗೆ ಎರಡು, ಮಡಿಕೇರಿ ಮತ್ತು ವಿರಾಜಪೇಟೆ. ಈಗ ಕೇಳಿ: ಇದರಿಂದ ನಮಗೆ ಲಾಭವಾಯಿತಾ, ನಷ್ಟವಾಯಿತಾ? ಮಕ್ಕಳು ಮನೆಯಲ್ಲಿ ಅಜ್ಜಂದಿರು ಹೇಳಿದ್ದನ್ನೆಲ್ಲ ಹೊರಗೆ ತೆಗೆಯುತ್ತಾರೆ, ಜಗಳವೂ ಆಗಬಹುದು. ನಡೆಯಲಿ, ಆದರೆ ಹತ್ತೇ ನಿಮಿಷ. ಯಾವ ಕಡೆ ಸರಿ ಅಂತ ನೀವು ತೀರ್ಪು ಕೊಡಬೇಡಿ. ಊರಲ್ಲಿ ಅದು ಬಿಸಿ ವಿಷಯ, ಗೊತ್ತಲ್ಲ. ಆಮೇಲೆ ಪುಸ್ತಕ ತೆರೆಸಿ, ‘ಹಾಗಾದರೆ ಆ ಇಬ್ಬರು ಅಲ್ಲಿ ಹೋಗಿ ಏನು ಮಾಡಬಹುದು, ಏನು ಮಾಡಲಾಗದು, ಹುಡುಕಿ’ ಅನ್ನಿ. ಈಗ ಶಾಸಕಾಂಗದ ಅಧಿಕಾರಗಳನ್ನು ಅವರೇ ಹುಡುಕುತ್ತಾರೆ. ಕೊನೆಗೆ ನಾಲ್ಕು ವಾಕ್ಯ ಬರೆಸಿ. ಪರೀಕ್ಷೆಯಲ್ಲಿ ಬರುವ ಪ್ರಶ್ನೆಗೂ ಅದೇ ನಾಲ್ಕು ವಾಕ್ಯ ಉತ್ತರ.

ಮೊದಲು ಎರಡು ನಿಮಿಷ ಕಷ್ಟದ ಪದಗಳಿಗೆ ಕೊಡಿ. ನಿಮ್ಮ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ, ತುಳು ಮಾತಾಡುವ ಮನೆಗಳ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಈಗ ತೋಟಕ್ಕೆ ಬಂದ ಅಸ್ಸಾಂ ಕಡೆಯವರ ಮಕ್ಕಳೂ ಇರಬಹುದು. ಆಡುವ ಕನ್ನಡ ಅವರಿಗೆಲ್ಲ ಬರುತ್ತದೆ. ಪುಸ್ತಕದ ಕನ್ನಡ ಬೇರೆ. ಶಿಬಿರದಲ್ಲಿ ಅಂಥ ಪದಗಳು ಬರುವುದೇ ಇಲ್ಲವಾದ್ದರಿಂದ ಅವರ ತೊಂದರೆ ನಿಮಗೆ ಕಂಡಿರಲಿಕ್ಕಿಲ್ಲ.

ಮಳೆ ವಿಷಯ ಯಾವ ಬಿ.ಇಡಿ. ಪುಸ್ತಕದಲ್ಲೂ ಇಲ್ಲ, ಅದಕ್ಕೇ ಹೇಳುತ್ತೇನೆ. ನಿಮ್ಮ ಶಾಲೆಯದು ಶೀಟಿನ ಮಾಡಾಗಿದ್ದರೆ ಜುಲೈ, ಆಗಸ್ಟ್‌ನಲ್ಲಿ ನಿಮ್ಮ ಮಾತು ಎರಡನೇ ಬೆಂಚಿಗೂ ಕೇಳುವುದಿಲ್ಲ. ಕಿರುಚಿದರೆ ಗಂಟಲು ಹೋಗುತ್ತದೆ ಅಷ್ಟೆ. ಮಕ್ಕಳೂ ಕಿರುಚುತ್ತಾರೆ, ನಿಮ್ಮ ಗಲಾಟೆಯ ಅರ್ಧ ಅದೇ ಇದ್ದೀತು. ಜೋರು ಮಳೆ ಬಂದಾಗ ಭಾಷಣ ನಿಲ್ಲಿಸಿ. ಇಬ್ಬಿಬ್ಬರಾಗಿ ಮಾಡುವ ಕೆಲಸ ಕೊಡಿ: ಭೂಪಟ ತುಂಬುವುದು, ಪಾಠದಿಂದ ಐದು ಪ್ರಶ್ನೆ ತೆಗೆದು ಪಕ್ಕದವರಿಗೆ ಕೊಡುವುದು. ಇಂಥ ಹಾಳೆಗಳನ್ನು ಮೊದಲೇ ತಯಾರು ಮಾಡಿ ಬೀರುವಿನಲ್ಲಿಡಿ. ಮಳೆ ರಜೆ ಕೊಟ್ಟು ಆಮೇಲೆ ಶನಿವಾರ ಇಡೀ ದಿನ ಶಾಲೆ ಮಾಡುವ ಕಾಲ ಬರುತ್ತದಲ್ಲ, ಆಗಲೂ ಉಪಯೋಗಕ್ಕೆ ಬರುತ್ತವೆ.

ಹಿರಿಯ ಮೇಷ್ಟ್ರ ಮಾತಿಗೆ ಬರೋಣ. ಗಲಾಟೆ ಅವರ ಪಾಠಕ್ಕೆ ತೊಂದರೆ ಕೊಟ್ಟಿದ್ದರೆ ಅವರು ಹೇಳಿದ್ದು ಸರಿ. ಗುಂಪು ಕೆಲಸವನ್ನು ಮಧ್ಯಾಹ್ನದ ಪೀರಿಯಡ್ಡಿಗೆ ಇಡಿ, ಇಲ್ಲವೇ ಮಳೆಯಿಲ್ಲದ ದಿನ ಹೊರಗೆ ಕರೆದುಕೊಂಡು ಹೋಗಿ. ‘ಒಂದೆರಡು ಬಿಡು’ ಅಂದದ್ದು ಮಾತ್ರ ಸರಿಯಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸು ನೋಯಿಸಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ಕಾನೂನು ಹಾಗಿರಲಿ, ನಿಮ್ಮ ಕೈಯಿಂದ ಏಟು ತಿಂದರೆ ಮಕ್ಕಳು ನಿಮ್ಮ ಹತ್ತಿರ ಮನೆ ವಿಷಯ ಹೇಳುವುದು ಆವತ್ತಿಗೇ ನಿಲ್ಲುತ್ತದೆ. ಹಾಗಂತ ಆ ಮೇಷ್ಟ್ರನ್ನು ದೂರ ಇಡಬೇಡಿ. ಒಂದು ದಿನ ‘ಸರ್, ನಿಮ್ಮ ಕ್ಲಾಸಲ್ಲಿ ಹಿಂದೆ ಕೂರ್ತೇನೆ’ ಎಂದು ಕೇಳಿ. ಬೋರ್ಡನ್ನು ಹೇಗೆ ಭಾಗ ಮಾಡುತ್ತಾರೆ, ನೋಟ್ಸ್ ಎಷ್ಟು ಬೇಗ ನೋಡಿ ಮುಗಿಸುತ್ತಾರೆ, ಪ್ರಶ್ನೆಪತ್ರಿಕೆ ಹೇಗೆ ತೆಗೆಯುತ್ತಾರೆ, ಇದೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಪಾಠ ಟಿಪ್ಪಣಿ, ದಿನಚರಿ ಬರೆಯುವುದನ್ನೂ ಅವರ ಹತ್ತಿರವೇ ಕಲಿಯಿರಿ. ಶಾಲೆ ನೋಡಲು ಇಲಾಖೆಯವರು ಬಂದಾಗ ಮೊದಲು ಕೇಳುವುದು ಅದನ್ನೇ.

ಈಗ ನಿಮ್ಮ ಹತ್ತಿರ ಇದ್ದು ಅವರ ಹತ್ತಿರ ಇಲ್ಲದ ಒಂದು ವಿಷಯ. ನೀವು ಮನೆ ಮನೆ ಸುತ್ತಿದವರು. ಡಿಸೆಂಬರ್ ಬಂದರೆ ಕಾಫಿ ಕೊಯ್ಲು. ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳ ಹಾಜರಿ ಇಳಿಯುತ್ತದೆ. ಅಪ್ಪ ಅಮ್ಮ ತೋಟಕ್ಕೆ ಹೋದರೆ ಚಿಕ್ಕ ಮಗುವನ್ನು ನೋಡಿಕೊಳ್ಳಲು ಎಂಟನೇ ತರಗತಿ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರುಹಾಜರಿ. ನಿಮಗೆ ಆ ಲೈನ್ ಗೊತ್ತು, ಮೇಸ್ತ್ರಿ ಗೊತ್ತು, ಹಾಡಿಯ ಹಿರಿಯರು ಗೊತ್ತು. ನವೆಂಬರ್‌ನಲ್ಲೇ ಹೋಗಿ ಮಾತಾಡಿ. ಹತ್ತಿರ ಅಂಗನವಾಡಿ ಇದ್ದರೆ ಚಿಕ್ಕ ಮಗುವಿಗೆ ಅಲ್ಲಿ ಜಾಗ ಮಾಡಿಸಿ. ತಡವಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವ ಮೊದಲು ಯಾವ ದಾರಿಯಲ್ಲಿ ಬರುತ್ತಾರೆ ಎಂದು ಕೇಳಿ. ಸಿದ್ದಾಪುರ, ಮಾಲ್ದಾರೆ ಕಡೆ ಬೆಳಿಗ್ಗೆ ತೋಟದಲ್ಲಿ ಆನೆ ಇದ್ದರೆ ಮಕ್ಕಳು ಕಾದು ಬರುತ್ತಾರೆ. ಅದು ನೆಪ ಅಲ್ಲ.

ಕೊನೆಯದಾಗಿ, ನೀವು ಕೇಳದ ವಿಷಯ. ಶಿಬಿರದ ಹುಡುಗರ ಜತೆ ವಾಟ್ಸ್ಆ್ಯಪ್, ಬೈಕಿನಲ್ಲಿ ಡ್ರಾಪ್, ಸ್ಟೇಟಸ್‌ಗೆ ಮಕ್ಕಳ ಫೋಟೊ, ಇದೆಲ್ಲ ಇತ್ತಲ್ವಾ? ಈಗ ಬೇಡ. ಗುಂಪು ಬೇಕಿದ್ದರೆ ಪೋಷಕರ ನಂಬರ್ ಹಾಕಿ ಮಾಡಿ, ಮುಖ್ಯ ಶಿಕ್ಷಕರೂ ಅದರಲ್ಲಿರಲಿ. ಹಳೇ ಸಲುಗೆಯಿಂದ ಒಂದು ಮಗು ಬಂದು ‘ಯಾರಿಗೂ ಹೇಳಬೇಡಿ’ ಎಂದು ಏನಾದರೂ ಹೇಳಿಕೊಂಡರೆ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ. ಲೈಂಗಿಕ ಕಿರುಕುಳದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098. ‘ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ’ ಅನ್ನಿ. ಮಗುವಿಗೆ ಅಷ್ಟು ಸಾಕು.

ಎಸ್ಎ, ಅಂದರೆ ಅವಧಿ ಕೊನೆಯ ದೊಡ್ಡ ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಆ ಕೊನೆ ಬೆಂಚಿನ ಹುಡುಗನ ಹಾಳೆಯಲ್ಲಿ ಏನಿತ್ತು ಅಂತ ಮೊದಲು ಬರೆಯಿರಿ.

ಪ್ರಶ್ನೆ: ಮೂರು ವರ್ಷದಿಂದ ಮಕ್ಕಳ ಶಿಬಿರಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಚಿಕ್ಕ ಮಕ್ಕಳೆಂದರೆ ಪ್ರಾಣ. ಬಿಎ ಮುಗಿದಿದೆ. ಬಿ.ಇಡಿ. ಮಾಡಿ ಒಂದನೇ, ಎರಡನೇ ತರಗತಿಗೆ ಪಾಠ ಹೇಳಬೇಕೆಂದಿದ್ದೇನೆ. ಸರಿಯಾ?
– ಓದುಗಿ, ಸೋಮವಾರಪೇಟೆ

ಉತ್ತರ: ಫೀಸು ಕಟ್ಟುವ ಮೊದಲೇ ಕೇಳಿದಿರಿ, ಒಳ್ಳೇದಾಯಿತು. ಬಿ.ಇಡಿ. ಮಾಡಿದರೆ ಒಂದನೇ ತರಗತಿ ಸಿಗುವುದಿಲ್ಲ. ಒಂದರಿಂದ ಐದನೇ ತರಗತಿಗೆ ಬಿ.ಇಡಿ. ಅರ್ಹತೆಯಲ್ಲ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಿಮಗೆ ಬೇಕಾದದ್ದು ಡಿ.ಎಲ್.ಇಡಿ., ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ, ಎರಡು ವರ್ಷದ್ದು, ಪಿಯುಸಿ ಅಂಕದ ಮೇಲೆ ಸೀಟು. ನಮ್ಮ ಜಿಲ್ಲೆಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಕೂಡಿಗೆಯಲ್ಲಿದೆ. ಒಮ್ಮೆ ಹೋಗಿ ವಿಚಾರಿಸಿ.

ಆಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಒಂದರಿಂದ ಐದಕ್ಕೆ ಮೊದಲ ಪತ್ರಿಕೆ, ಆರರಿಂದ ಎಂಟಕ್ಕೆ ಎರಡನೆಯದು. ಎರಡರಲ್ಲೂ 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗದವರಿಗೆ ಶೇ 60, ಅಂದರೆ 90 ಅಂಕ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಆದರೆ ಟಿಇಟಿ ಅಂದರೆ ಕೆಲಸ ಅಲ್ಲ, ನೇಮಕಾತಿ ಕರೆದಾಗ ಅರ್ಜಿ ಹಾಕುವ ಅರ್ಹತೆ ಅಷ್ಟೆ.

ಅದಕ್ಕೂ ಮೊದಲು ಹತ್ತಿರದ ಸರ್ಕಾರಿ ಶಾಲೆಯಲ್ಲಿ ಕೇಳಿಕೊಂಡು ನಲಿ-ಕಲಿ ತರಗತಿಯಲ್ಲಿ ಒಂದು ವಾರ ಕೂತು ನೋಡಿ. ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ, ನೆಲದ ಮೇಲೆ ಗುಂಪು ಗುಂಪಾಗಿ, ಒಬ್ಬೊಬ್ಬ ಮಗು ಕಲಿಕಾ ಏಣಿಯ ಒಂದೊಂದು ಮೆಟ್ಟಿಲಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದದ್ದು ಇದು. ದೂರದಿಂದ ಶಿಬಿರದ ಹಾಗೇ ಕಾಣುತ್ತದೆ. ಹತ್ತಿರ ಕೂತರೆ ಟೀಚರ್ ಎಷ್ಟು ಲೆಕ್ಕ ಇಟ್ಟಿರುತ್ತಾರೆ ಅಂತ ಗೊತ್ತಾಗುತ್ತದೆ. ವಾರದ ಕೊನೆಗೂ ಮಕ್ಕಳೆಂದರೆ ಪ್ರಾಣ ಅನ್ನಿಸಿದರೆ ಸೇರಿಬಿಡಿ.

ಪ್ರಶ್ನೆ: ಊರ ಮಕ್ಕಳಿಗೆ ಹಾಕಿ ಆಡಿಸುತ್ತೇನೆ. ಡಿಗ್ರಿ ಆಗಿದೆ. ಪಿಟಿ ಮಾಸ್ಟರ್ ಆಗಲು ಈ ಅನುಭವ ಸಾಕಾ?
– ಓದುಗ, ಪೊನ್ನಂಪೇಟೆ

ಉತ್ತರ: ಸಾಲದು. ದೈಹಿಕ ಶಿಕ್ಷಣದ ಬಿ.ಪಿ.ಇಡಿ. ಬೇಕು, ಎರಡು ವರ್ಷ. ತರಬೇತುದಾರರೇ ಆಗಬೇಕೆಂದಿದ್ದರೆ ಪಟಿಯಾಲದ ಎನ್ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಬೇರೆ ದಾರಿ. ಕೊಡಗಿನಲ್ಲಿ ಹಾಕಿ ಗೊತ್ತಿರುವವರಿಗೇನೂ ಕಡಿಮೆ ಇಲ್ಲ. ಪಿಟಿ ಮಾಸ್ಟರ್ ಆದರೆ ಆಟಕ್ಕೆ ಬಾರದ ಮಕ್ಕಳಿಗೂ ನೀವೇ ಮಾಸ್ಟರ್ ಅನ್ನುವುದು ನೆನಪಿರಲಿ.

ಪ್ರಶ್ನೆ: ನನ್ನ ಮಗ ಒಂದು ಸಂಸ್ಥೆಯಲ್ಲಿ ಯುವಜನರ ಕೆಲಸ ಮಾಡುತ್ತಿದ್ದ. ಸಂಬಳ ತಿಂಗಳು ತಿಂಗಳು ಬರುತ್ತಿತ್ತು. ಈಗ ಬಿಟ್ಟು ಅತಿಥಿ ಶಿಕ್ಷಕ ಆಗುತ್ತೇನೆ ಅನ್ನುತ್ತಾನೆ. ಬೇಡ ಅನ್ನಲಾ?
– ಒಬ್ಬ ತಾಯಿ, ಕುಶಾಲನಗರ

ಉತ್ತರ: ಬೇಡ ಅನ್ನಬೇಡಿ ಅಮ್ಮ. ಆದರೆ ಲೆಕ್ಕ ಮಾತ್ರ ಎದುರಿಗೆ ಇಡಿ. ಅತಿಥಿ ಶಿಕ್ಷಕರ ಕೆಲಸ ಆ ಶಾಲಾ ವರ್ಷಕ್ಕೆ ಮಾತ್ರ. ಕಾಯಂ ಶಿಕ್ಷಕರು ವರ್ಗವಾಗಿ ಬಂದರೆ ಮಧ್ಯದಲ್ಲೇ ಬಿಡಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಗೌರವಧನ ಇಲ್ಲ. ಬರುವುದೂ ಕೆಲವೊಮ್ಮೆ ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಕಾಯಂ ಆಗಬೇಕಾದರೆ ನೇಮಕಾತಿ ಪರೀಕ್ಷೆ ಬರೆದೇ ಆಗಬೇಕು. ಹೀಗೆ ದುಡಿದ ವರ್ಷಗಳಿಂದ ಕಾಯಂ ಕೆಲಸದ ಹಕ್ಕು ಹುಟ್ಟುವುದಿಲ್ಲ.

ಮಗನ ಹತ್ತಿರ ಎರಡೇ ಪ್ರಶ್ನೆ ಕೇಳಿ. ಟಿಇಟಿಗೆ ಓದುತ್ತಿದ್ದಾನಾ? ಆರು ತಿಂಗಳ ಖರ್ಚಿಗೆ ಕೈಯಲ್ಲಿ ದುಡ್ಡಿದೆಯಾ? ಎರಡಕ್ಕೂ ಹೌದು ಅಂದರೆ ಕಳಿಸಿ. ಏಪ್ರಿಲ್, ಮೇ ಅವನಿಗೆ ಅಷ್ಟೇನೂ ಕಷ್ಟವಾಗಲಿಕ್ಕಿಲ್ಲ. ಬೇಸಿಗೆ ಶಿಬಿರ ನಡೆಸುವವರು ಅವನಂಥವರನ್ನೇ ಹುಡುಕುತ್ತಿರುತ್ತಾರೆ, ಹಳೇ ಸಂಸ್ಥೆಯವರ ಜತೆ ಜಗಳ ಮಾಡಿಕೊಂಡು ಮಾತ್ರ ಬಿಡದಿರಲಿ. ಟಿಇಟಿ ಅರ್ಜಿ ಕರೆದಾಗ ಫೀಸು ನೀವೇ ಕಟ್ಟಿಬಿಡಿ. ಆಮೇಲೆ ಓದದೆ ಎಲ್ಲಿಗೆ ಹೋಗುತ್ತಾನೆ?